ಪಾಲಕ, ಸೋಯಾ, ಗೋಧಿಯ ಪೆಪ್ಟೈಡ್ ಕಿಟ್: ಲೇಬಲ್ ಮೇಲಿನ 5 ಮಿ.ಗ್ರಾಂ ಲೆಕ್ಕಕ್ಕೆ ಹಿಡಿಯಬೇಡಿ

ಓಪಿಯಾಯ್ಡ್ ರಿಸೆಪ್ಟರ್ (ಮಾರ್ಫಿನ್‌ನಂಥ ನೋವು ನಿವಾರಕಗಳು ಅಂಟುವ ಜೀವಕೋಶದ ಗ್ರಾಹಿ; ಡೆಲ್ಟಾ, ಮ್ಯೂ, ಕಪ್ಪಾ ಇದರ ಬಗೆಗಳು) ಮೇಲೆ ಕೆಲಸ ಮಾಡುವ ಸಸ್ಯ ಪೆಪ್ಟೈಡ್‌ಗಳನ್ನು, ಅಂದರೆ ಅಮೈನೋ ಆಮ್ಲಗಳ ಗಿಡ್ಡ ಸರಪಳಿಗಳನ್ನು, ಆರ್ಡರ್ ಮೇಲೆ ತಯಾರಿಸಿ ಬೆಳಗಾವಿವರೆಗೆ ಕಳಿಸಿಕೊಡುವ ಸೇವೆಯೊಂದರ ವಿಮರ್ಶೆ ಇದು. ಕಂಪನಿಯ ಹೆಸರು ಬೇಕಿಲ್ಲ. ಇಲ್ಲಿ ಹೇಳುವ ತಕರಾರುಗಳು ಈ ಧಂದೆಯಲ್ಲಿ ಎಲ್ಲರಿಗೂ ಸಲ್ಲುತ್ತವೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಐದಾರು ಅಮೈನೋ ಆಮ್ಲಗಳ ನೇರ ಸರಪಳಿ ಬೇಕಿದ್ದರೆ ಧೈರ್ಯವಾಗಿ ತರಿಸಿ, ಉಂಗುರಾಕಾರದ್ದು ಬೇಕಿದ್ದರೆ ಸದ್ಯಕ್ಕೆ ಬೇಡ.

ಕಿಟ್‌ನಲ್ಲಿ ಮೂರು ಬಾಟಲಿ, ತಲಾ 5 ಮಿ.ಗ್ರಾಂ. ಒಂದು ರುಬಿಸ್ಕೋಲಿನ್-6. ಪಾಲಕದ ಎಲೆಯಲ್ಲಿ ಹೇರಳವಾಗಿರುವ ರುಬಿಸ್ಕೋ ಪ್ರೋಟೀನಿನ ತುಂಡು, ಡೆಲ್ಟಾ ರಿಸೆಪ್ಟರ್‌ಗೆ ಅಂಟುವಂಥದ್ದು, ಜಪಾನಿನ ಸಂಶೋಧಕರು 2001ರಲ್ಲಿ ವರದಿ ಮಾಡಿದ್ದು. ಇನ್ನೊಂದು ಸೋಯಾಬೀನಿನ ಬೀಟಾ-ಕಾಂಗ್ಲಿಸಿನಿನ್‌ನಿಂದ ಬರುವ ಸೋಯ್‌ಮಾರ್ಫಿನ್-5, ಇದರ ಒಲವು ಮ್ಯೂ ಕಡೆಗೆ. ಮೂರನೆಯದು ಗೋಧಿ ಗ್ಲೂಟನ್‌ನ ಎಕ್ಸಾರ್ಫಿನ್ ಬಿ5. ಎಕ್ಸಾರ್ಫಿನ್ ಎಂಬ ಹೆಸರು 1979ರಿಂದಲೇ ಚಾಲ್ತಿಯಲ್ಲಿದೆ. ಮೂರರ ಮೊದಲ ಅಮೈನೋ ಆಮ್ಲವೂ ಟೈರೋಸಿನ್. ನಮ್ಮ ದೇಹದ ಎನ್‌ಕೆಫಲಿನ್ ಶುರುವಾಗುವುದೂ ಅದರಿಂದಲೇ, ಗುಟ್ಟು ಇರುವುದೂ ಅಲ್ಲೇ.

ಈಗ ಮುಖ್ಯ ತಕರಾರು. ಬಾಟಲಿ ಮೇಲೆ 5 ಮಿ.ಗ್ರಾಂ, ಶುದ್ಧತೆ ಶೇ. 95 ಎಂದಿದ್ದರೆ ಒಳಗೆ 4.75 ಮಿ.ಗ್ರಾಂ ಪೆಪ್ಟೈಡ್ ಇದೆ ಎಂದು ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಇಲ್ಲ. ರುಬಿಸ್ಕೋಲಿನ್-6ರ ಅಣುತೂಕ 766.9. ತಯಾರಿಕೆಯಲ್ಲಿ ಬಳಸುವ ಟಿಎಫ್‌ಎ ಆಮ್ಲ ಉಪ್ಪಿನ ರೂಪದಲ್ಲಿ ಅಂಟಿಕೊಂಡೇ ಬರುತ್ತದೆ, ಅದರ ತೂಕ 114. ಅಲ್ಲಿಗೇ ಪೆಪ್ಟೈಡಿನ ಪಾಲು ಶೇ. 87ಕ್ಕೆ ಇಳಿಯಿತು. ಅದರ ಮೇಲೆ ಶೇ. 95 ಶುದ್ಧತೆ, ಶೇ. 5ರಷ್ಟು ನೀರಿನಂಶ ಎಂದು ಹಿಡಿದರೆ ಉಳಿಯುವುದು ಸುಮಾರು ಶೇ. 78, ಅಂದರೆ 3.9 ಮಿ.ಗ್ರಾಂ. 50 ಮಿಲಿಮೋಲಾರ್ ಸ್ಟಾಕ್‌ಗೆ (ಆಮೇಲೆ ತೆಳುಮಾಡಿ ಬಳಸುವ ಗಟ್ಟಿ ದ್ರಾವಣ) ಇಷ್ಟನ್ನು 102 ಮೈಕ್ರೋಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಬೇಕು. ಪೂರ್ತಿ 5 ಮಿ.ಗ್ರಾಂ ಎಂದು ನಂಬಿ 130 ಮೈಕ್ರೋಲೀಟರ್ ಹಾಕಿದರೆ ಸ್ಟಾಕ್ 39 ಮಿಲಿಮೋಲಾರ್ ಆಗುತ್ತದೆ, ಮುಂದಿನ ಡೋಸ್ ಕರ್ವ್ ಅಷ್ಟೂ ಪಕ್ಕಕ್ಕೆ ಸರಿಯುತ್ತದೆ. ಶುದ್ಧತೆಯ ಅಂಕಿ ಹೇಳುವುದು ಪೆಪ್ಟೈಡ್‌ಗಳ ನಡುವಿನ ಪಾಲನ್ನು ಮಾತ್ರ. ಉಪ್ಪು, ನೀರು ಅದರಲ್ಲಿ ಬರುವುದೇ ಇಲ್ಲ. ನಿವ್ವಳ ಪೆಪ್ಟೈಡ್ ಎಷ್ಟು ಎಂಬುದನ್ನು ಈ ಕಂಪನಿ ಕೇಳಿದರಷ್ಟೇ ಕೊಡುತ್ತದೆ, ಅದಕ್ಕೆ ಬೇರೆ ದುಡ್ಡು. ಇದೊಂದು ಕಾರಣಕ್ಕೇ ಒಂದು ಸ್ಟಾರ್ ಕಡಿತ.

ದುಡ್ಡು ಕೊಡದೆಯೂ ದಾರಿ ಇದೆ. ಸ್ಟಾಕ್ ಅನ್ನು ಬಫರ್‌ನಲ್ಲಿ 100 ಪಟ್ಟು ತೆಳುಮಾಡಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 280 ನ್ಯಾನೋಮೀಟರ್‌ಗೆ ಓದಿ. ಒಂದೇ ಟೈರೋಸಿನ್ ಇರುವುದರಿಂದ ಬೆಳಕು ಹೀರುವ ಗುಣಾಂಕ 1490. ಸ್ಟಾಕ್ ನಿಜಕ್ಕೂ 50 ಇದ್ದರೆ 1 ಸೆಂ.ಮೀ. ಕ್ಯುವೆಟ್‌ನಲ್ಲಿ 0.745 ಬರಬೇಕು. ಬ್ಲ್ಯಾಂಕ್‌ಗೂ (ಪೆಪ್ಟೈಡ್ ಇಲ್ಲದ ಹೋಲಿಕೆ ದ್ರಾವಣ) ಅಷ್ಟೇ ಡಿಎಂಎಸ್‌ಒ ಸೇರಿಸುವುದನ್ನು ಮರೆಯಬೇಡಿ. ಗೋಧಿಯ ಬಿ5ರಲ್ಲಿ ಟ್ರಿಪ್ಟೊಫಾನ್ ಕೂಡ ಇರುವುದರಿಂದ ಗುಣಾಂಕ 6990, ಓದು ಇನ್ನೂ ಸಲೀಸು.

50 ಮಿಲಿಮೋಲಾರ್ ಯಾಕೆ, 10 ಸಾಲದೇ? ಈ ಪೆಪ್ಟೈಡ್‌ಗಳು ಮಾರ್ಫಿನ್‌ನಷ್ಟು ಜೋರಿನವಲ್ಲ, ರುಬಿಸ್ಕೋಲಿನ್ ಕೆಲಸ ತೋರಿಸುವುದು ಮೈಕ್ರೋಮೋಲಾರ್ ಮಟ್ಟದಲ್ಲಿ. 100 ಮೈಕ್ರೋಮೋಲಾರ್‌ವರೆಗೆ ಹೋಗಬೇಕಾದರೆ 10ರ ಸ್ಟಾಕ್‌ನಿಂದ ಶೇ. 1 ಡಿಎಂಎಸ್‌ಒ ಜೀವಕೋಶಗಳ ಮೇಲೆ ಬೀಳುತ್ತದೆ. 50 ಇದ್ದರೆ ಶೇ. 0.2ರಲ್ಲಿ ಮುಗಿಯುತ್ತದೆ. ಫೋರ್ಸ್ಕೋಲಿನ್ ಕೊಟ್ಟು ಜೀವಕೋಶದೊಳಗಿನ ಸಂಕೇತ ಅಣು ಸಿಎಎಂಪಿ (cAMP) ಹೆಚ್ಚಿಸಿ, ಪೆಪ್ಟೈಡ್‌ನಿಂದ ಅದು ಎಷ್ಟು ಇಳಿಯಿತು ಎಂದು ಅಳೆಯುವವರು, ಈ ರಿಸೆಪ್ಟರ್‌ಗಳನ್ನು ತಡೆಯುವ ನಾಲ್ಟ್ರಿಂಡೋಲ್ ಅಥವಾ ನಾಲೋಕ್ಸೋನ್ ಹಾಕಿದ ವೆಲ್‌ಗಳನ್ನೂ (ಪ್ಲೇಟಿನ ಗುಳಿಗಳು) ಇಡಲೇಬೇಕು. ಅವು ತಡೆಯದ ಪರಿಣಾಮ ರಿಸೆಪ್ಟರ್‌ನದಲ್ಲ, ದ್ರಾವಕದ್ದೋ ಟಿಎಫ್‌ಎ ಹುಳಿಯದ್ದೋ ಇರಬಹುದು. ಸೀರಮ್ ಇರುವ ಮೀಡಿಯಾದಲ್ಲಿ ಇನ್ನೊಂದು ಕಾಟ: ಎರಡನೇ ಜಾಗದಲ್ಲಿ ಪ್ರೋಲಿನ್ ಇರುವ ಪಾಲಕ, ಸೋಯಾ ಪೆಪ್ಟೈಡ್‌ಗಳನ್ನು ಡಿಪಿಪಿ-4 ಕಿಣ್ವ ಕತ್ತರಿಸಿಹಾಕುತ್ತದೆ. ಆ ಕಿಣ್ವವನ್ನು ತಡೆಯುವ ಡಿಪ್ರೋಟಿನ್-ಎ ಸೇರಿಸಿ, ಇಲ್ಲವೇ ಸೀರಮ್ ಬಿಡಿ.

ಬಾಟಲಿ ಜೊತೆ ಬರುವ ಕಾಗದಗಳು ಚೆನ್ನಾಗಿವೆ. ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಗ್ರಾಫ್ 220 ನ್ಯಾನೋಮೀಟರ್‌ನಲ್ಲಿದೆ, ಹಾಗೇ ಇರಬೇಕು. ಯಾರಾದರೂ 254ರ ಗ್ರಾಫ್ ಕೊಟ್ಟರೆ ವಾಪಸ್ ಕಳಿಸಿ, ಅಲ್ಲಿ ಅರ್ಧ ಕಲ್ಮಶ ಕಾಣುವುದೇ ಇಲ್ಲ. ಮಾಸ್ ಸ್ಪೆಕ್ಟ್ರಮ್‌ನಲ್ಲಿ ರುಬಿಸ್ಕೋಲಿನ್-6 767.4ಕ್ಕೆ ಬರುತ್ತದೆ. 654.3ರ ಪೀಕ್ ಇದ್ದರೆ ಒಂದು ಲ್ಯೂಸಿನ್ ಬಿಟ್ಟುಹೋಗಿದೆ ಎಂದರ್ಥ. 507.3 ಮತ್ತು 261.1 ಕಂಡರೆ ಮಾತ್ರ ಅವಸರ ಬೇಡ. ಮೊದಲ ಎರಡು ಅಮೈನೋ ಆಮ್ಲಗಳು ತಮ್ಮಷ್ಟಕ್ಕೆ ಸುತ್ತಿಕೊಂಡು ಕಳಚಿ ಬಿದ್ದರೂ ಇವೇ ಅಂಕಿ, ಯಂತ್ರದೊಳಗೆ ಪೆಪ್ಟೈಡ್ ಮುರಿದರೂ ಇವೇ ಅಂಕಿ. ಎಚ್‌ಪಿಎಲ್‌ಸಿಯಲ್ಲಿ ಬೇರೆಯದೇ ಪೀಕ್ ಆಗಿ ನಿಂತಿದ್ದರಷ್ಟೇ ಮಾಲು ಕೆಟ್ಟಿದೆ. ಬಿ5ರಲ್ಲಿ ನೋಡಬೇಕಾದದ್ದು 16 ಹೆಚ್ಚು, ಅಂದರೆ ಟ್ರಿಪ್ಟೊಫಾನ್‌ಗೆ ಆಮ್ಲಜನಕ ತಾಗಿದೆ. ಬಿ5 ಅನ್ನು ಕಂದು ಬಾಟಲಿಯಲ್ಲಿ ಕೇಳಿ ಪಡೆಯಿರಿ, ಈ ಕಂಪನಿ ಕಳಿಸಿದ್ದು ಬಿಳಿ ಗಾಜಿನದು.

ಸಾಗಣೆ ಬಗ್ಗೆ ದೂರಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಪಾರ್ಸೆಲ್ ಎರಡು ದಿನ ಕುಳಿತರೂ ಒಣಪುಡಿಗೆ ಏನೂ ಆಗುವುದಿಲ್ಲ, ಐಸ್ ಪ್ಯಾಕ್‌ಗೆ ಹೆಚ್ಚುವರಿ ಕೊಡುವುದು ದಂಡ. ನಿಜವಾದ ವೈರಿ ಬೆಳಗಾವಿಯ ಮಳೆಗಾಲ. ಫ್ರೀಜರ್‌ನಿಂದ ತೆಗೆದ ತಣ್ಣನೆ ಬಾಟಲಿಯನ್ನು ಜುಲೈಯಲ್ಲಿ ಹಾಗೇ ತೆರೆದರೆ ಪುಡಿ ತೇವ ಎಳೆದುಕೊಂಡು, ಹೊರಗಿಟ್ಟ ಮಹಾಲಿಂಗಪುರದ ಬೆಲ್ಲದ ಹಾಗೆ ಜಿಗುಟಾಗುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು ಕೋಣೆಯ ಶಾಖಕ್ಕೆ ಬಂದ ಮೇಲೆ, ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ ಮುಚ್ಚಳ ಬಿಚ್ಚಿ, ಇಲ್ಲದಿದ್ದರೆ ಪುಡಿ ಮುಚ್ಚಳಕ್ಕೇ ಅಂಟಿರುತ್ತದೆ. ತಕ್ಕಡಿಯಲ್ಲಿ ಚೂರು ತೂಗುವ ಗೋಜು ಬೇಡ. ಇಡೀ ಬಾಟಲಿ ಒಮ್ಮೆಗೇ ಕರಗಿಸಿ, 10 ಮೈಕ್ರೋಲೀಟರ್‌ನಂತೆ ಹಂಚಿ, ಮೈನಸ್ 20ಕ್ಕೆ ಇಡಿ.

ಪ್ರಾಣಿ ಪ್ರಯೋಗಕ್ಕೆ ಈ ಕಿಟ್ ಸಾಲುವುದಿಲ್ಲ. ಸಣ್ಣಿಲಿಗಳಿಗೆ ರುಬಿಸ್ಕೋಲಿನ್-6 ಬಾಯಿಯ ಮೂಲಕ ಕೊಟ್ಟ ಕೆಲವು ಅಧ್ಯಯನಗಳಲ್ಲಿ ಕೆ.ಜಿ.ಗೆ 100 ಮಿ.ಗ್ರಾಂ ಬಳಸಿದ್ದಾರೆ. 25 ಗ್ರಾಂ ತೂಗುವ ಇಲಿಗೆ 2.5 ಮಿ.ಗ್ರಾಂ, ಅಂದರೆ ಒಂದು ಬಾಟಲಿಗೆ ಎರಡು ಇಲಿಯೂ ಆಗುವುದಿಲ್ಲ. (ಪಾಲಕ ಪಲ್ಯ ತಿಂದರೆ ಮೊಣಕಾಲು ನೋವು ಮಾಯ ಎನ್ನುವವರು ಇದೇ ಲೆಕ್ಕವನ್ನು ತಮ್ಮ ತೂಕಕ್ಕೆ ಹಾಕಿ ನೋಡಲಿ.) ಗ್ರಾಂ ಮಟ್ಟದಲ್ಲಿ ತರಿಸಿ, ಟಿಎಫ್‌ಎ ತೆಗೆದು ಅಸಿಟೇಟ್ ಉಪ್ಪು ಮಾಡಿಕೊಡಲು ಹೇಳಿ, ಎಥಿಕ್ಸ್ ಸಮಿತಿಯ ಒಪ್ಪಿಗೆ ಕೈಗೆ ಬಂದ ಮೇಲಷ್ಟೇ.

ಇನ್ನು ಉಂಗುರದ ವಿಷಯ. ಸೂರ್ಯಕಾಂತಿ ಬೀಜದ ಎಸ್‌ಎಫ್‌ಟಿಐ-1, 14 ಅಮೈನೋ ಆಮ್ಲಗಳ ಪುಟ್ಟ ಬಳೆ, ನಡುವೆ ಒಂದು ಗಂಧಕದ ಸೇತುವೆ. ಇದನ್ನೇ ಅಚ್ಚಾಗಿಟ್ಟುಕೊಂಡು ವಿಯೆನ್ನಾದ ಸಂಶೋಧಕರು ಕಪ್ಪಾ ರಿಸೆಪ್ಟರ್‌ಗೆ ಹೆಲಿಯಾನಾರ್ಫಿನ್-19 ವಿನ್ಯಾಸ ಮಾಡಿ 2021ರಲ್ಲಿ ಪ್ರಕಟಿಸಿದರು. ಔಷಧವಾಗುವ ಆಸೆ ಹೆಚ್ಚಿರುವುದು ಇಂಥವುಗಳಲ್ಲೇ, ತುದಿಗಳಿಲ್ಲದ ಉಂಗುರ ಕಿಣ್ವಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಕಂಪನಿಯ ಪಟ್ಟಿಯಲ್ಲಿ "ಸೈಕ್ಲಿಕ್" ಎಂದು ಹಾಕಿದ ಮಾಲಿನಲ್ಲಿ ಗಂಧಕದ ಸೇತುವೆ ಮಾತ್ರ ಕೂಡಿತ್ತು, ಬೆನ್ನೆಲುಬು, ಅಂದರೆ ಸರಪಳಿಯ ಎರಡು ತುದಿಗಳು, ತೆರೆದೇ ಇತ್ತು. ಪತ್ತೆ ಸುಲಭ: ಪೂರ್ತಿ ಮುಚ್ಚಿದ ಎಸ್‌ಎಫ್‌ಟಿಐ-1 1513.7ಕ್ಕೆ ಬರಬೇಕು, ತೆರೆದದ್ದು ನೀರಿನ ಒಂದು ಅಣು ಹೆಚ್ಚಾಗಿ 1531.7ಕ್ಕೆ ನಿಲ್ಲುತ್ತದೆ. ಆರ್ಡರ್ ಕೊಡುವಾಗ "ತಲೆಯಿಂದ ಬಾಲಕ್ಕೆ ಅಮೈಡ್ ಬಂಧ" ಎಂದು ಬರೆದು, ಈ ಅಂಕಿಯನ್ನೂ ಪರ್ಚೇಸ್ ಆರ್ಡರ್‌ನಲ್ಲೇ ನಮೂದಿಸಿ.

ನೇರ ಸರಪಳಿಗೆ ಐದಕ್ಕೆ ನಾಲ್ಕು ಸ್ಟಾರ್, ಉಂಗುರಕ್ಕೆ ಒಂದೂವರೆ.