ಕ್ರೆಡಿಟ್, ನಾನ್‌ಕ್ರೆಡಿಟ್, ಶುಲ್ಕದ ಕ್ಲಾಸು: ಮೂರರಲ್ಲೂ ಕೂತು ನೋಡಿದ ಮೇಲೆ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನ (ಊರಿನವರಿಗೆಲ್ಲ ತೆರೆದಿರುವ ಸರ್ಕಾರಿ ಕಾಲೇಜು) ಹೊಸ ವೇಳಾಪಟ್ಟಿ ಬಂತು ಅಂದರೆ ಗೆಳತಿಯರ ಫೋನು ಶುರು. "ಯಾವುದಕ್ಕೆ ಸೇರೋದು ಹೇಳೇ?" ನಾನು ಒಂದೇ ಕಾಲೇಜಿನಲ್ಲಿ ಮೂರು ತರಹದ ಕ್ಲಾಸಿಗೂ ಹೋಗಿದ್ದೇನೆ: ಡಿಗ್ರಿಗೆ ಲೆಕ್ಕಕ್ಕೆ ಬರುವ ಕ್ರೆಡಿಟ್, ಡಿಗ್ರಿಗೆ ಲೆಕ್ಕಕ್ಕಿಲ್ಲದ ನಾನ್‌ಕ್ರೆಡಿಟ್, ಹವ್ಯಾಸಕ್ಕೆ ದುಡ್ಡು ಕೊಟ್ಟು ಕಲಿಯುವ ಶುಲ್ಕದ ಕ್ಲಾಸು. ಕಟ್ಟಡ ಅದೇ, ಕುರ್ಚಿ ಅದೇ. ಖರ್ಚು ಯಾರು ಹೊರುತ್ತಾರೆ ಅನ್ನೋದು ಮಾತ್ರ ಬೇರೆ. ಉಳಿದ ವ್ಯತ್ಯಾಸವೆಲ್ಲ ಅಲ್ಲಿಂದಲೇ ಹುಟ್ಟೋದು.

ಮೊದಲು ಸೇರಿದ್ದು ನಾನ್‌ಕ್ರೆಡಿಟ್ ಇಂಗ್ಲಿಷ್ ಕ್ಲಾಸು. ಎಚ್‌-4 ವೀಸಾದಲ್ಲಿ (ಗಂಡನ ಕೆಲಸದ ವೀಸಾ ಜೊತೆಗೆ ಹೆಂಡತಿಗೆ ಸಿಗೋದು) ಬಂದು ಮನೇಲಿ ಕೂತು ಸಾಕಾಗಿತ್ತು. ಫೀಸು ಸೊನ್ನೆ. ಕಾಲೇಜಿಗೆ ರಾಜ್ಯ ಸರ್ಕಾರ ಹಾಜರಾತಿಯ ಗಂಟೆ ಲೆಕ್ಕ ಹಾಕಿ ಹಣ ಕೊಡುತ್ತದೆ. ಟೀಚರ್ ದಿನಾ ಅಷ್ಟು ಶ್ರದ್ಧೆಯಿಂದ ಹಾಜರಿ ತಗೊಳ್ಳೋದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಪರೀಕ್ಷೆಯ ಭಯ ಇಲ್ಲ, ನಡುವೆ ಬಂದು ಸೇರಬಹುದು, ಅದೇ ಕ್ಲಾಸಿಗೆ ಮತ್ತೆ ಬರಬಹುದು. ತಲೆನೋವೂ ಅದೇ. ವಾರ ವಾರ ಹೊಸ ಮುಖ, ಪಾಠ ಹಿಂದಕ್ಕೆ. ಮೂರು ತಿಂಗಳಲ್ಲಿ ಬಾಯಿ ಬಿಟ್ಟು ಮಾತಾಡೋ ಧೈರ್ಯ ಬಂತು. ಅದಕ್ಕಿಂತ ಮುಂದೆ ಹೋಗಲಿಲ್ಲ.

ಶುಲ್ಕದ ಕ್ಲಾಸಿನ ವಿಷಯ ಬೇಗ ಮುಗಿಸುತ್ತೇನೆ. ಶನಿವಾರದ ಮಣ್ಣಿನ ಪಾತ್ರೆ ಕ್ಲಾಸು. ಇಂಥ ಹವ್ಯಾಸದ ಕ್ಲಾಸುಗಳಿಗೆ ಕಾಲೇಜು ತನ್ನ ಸಾಮಾನ್ಯ ನಿಧಿಯಿಂದ ಖರ್ಚು ಮಾಡುವಂತಿಲ್ಲ, ಅವು ತಮ್ಮ ಖರ್ಚು ತಾವೇ ದುಡಿಯಬೇಕು. ಹಾಗಾಗಿ ಆರು ಶನಿವಾರಕ್ಕೆ ನಾನು ಕೊಟ್ಟದ್ದು ಒಂದು ಇಡೀ ಟರ್ಮಿನ ಅಕೌಂಟಿಂಗ್ ಫೀಸಿಗಿಂತ ಜಾಸ್ತಿ. ಮಣ್ಣಿನ ದುಡ್ಡು ಬೇರೆ! ಮೊದಲ ಸಲ ಜನ ಸಾಲಲಿಲ್ಲ ಅಂತ ಎರಡು ದಿನ ಮುಂಚೆ ರದ್ದೂ ಮಾಡಿದರು. ಖುಷಿಗೆ ಹೋಗೋದಾದರೆ ಹೋಗಿ, ಸರ್ಟಿಫಿಕೇಟು ಕೆಲಸಕ್ಕೆ ಬರುತ್ತೆ ಅಂತ ಸುಮ್ನೆ ಅಂದುಕೊಳ್ಳಬೇಡಿ.

ನನ್ನ ಓಟು ಕ್ರೆಡಿಟ್ ಕ್ಲಾಸಿಗೆ. ಕ್ಲಾಸು ಎಷ್ಟು ದೊಡ್ಡದು ಅನ್ನೋದನ್ನ ಇಲ್ಲಿ ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್, 2012ರಿಂದ ಅದೇ ದರ. ನನ್ನ ಅಕೌಂಟಿಂಗ್ ನಾಲ್ಕು ಯೂನಿಟ್, ಅಂದರೆ 184 ಡಾಲರ್. ಆರೋಗ್ಯ ಶುಲ್ಕ, ಪಾರ್ಕಿಂಗ್ ಅಂತ ಚಿಲ್ಲರೆ ಸೇರುತ್ತದೆ. ಹುಷಾರು, ನಿವಾಸಿ ಅಂತ ಒಪ್ಪದಿದ್ದರೆ ದರ ಹಲವು ಪಟ್ಟು. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿದ್ದ ದಾಖಲೆ ಮೊದಲೇ ಜೋಡಿಸಿಕೊಳ್ಳಿ.

ಪುಸ್ತಕದಲ್ಲಿ ನಾನು ಒಮ್ಮೆ ಮೋಸ ಹೋದೆ. ಎಕನಾಮಿಕ್ಸ್ ಕ್ಲಾಸಿನ ಪುಸ್ತಕ ಫೀಸಿಗಿಂತ ದುಬಾರಿ ಬಿತ್ತು. ಪುಸ್ತಕದ ಖರ್ಚಿಲ್ಲದ ಕ್ಲಾಸುಗಳ ಮುಂದೆ ವೇಳಾಪಟ್ಟಿಯಲ್ಲೇ ಗುರುತು ಇರುತ್ತದೆ ಅಂತ ಆಮೇಲೆ ಯಾರೋ ಹೇಳಿದರು. ಹಾಗೆ ಗುರುತು ಹಾಕಬೇಕು ಅಂತ ಇಲ್ಲಿ ಕಾನೂನೇ ಇದೆ. ಅಕೌಂಟಿಂಗ್‌ಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕ ಬಿಟ್ಟಿಯಾಗಿ ಇಳಿಸಿಕೊಂಡೆ. ಎಕನಾಮಿಕ್ಸ್ ಪುಸ್ತಕಕ್ಕಿಂತ ಚೆನ್ನಾಗಿಯೇ ಇತ್ತು.

ಇನ್ನು ನನಗೆ ಇಷ್ಟವಾಗದ ಉಳಿತಾಯ. ಸಂಜೆಯ ಕ್ಲಾಸು ಪಾರ್ಟ್‌ಟೈಮ್ ಮೇಷ್ಟ್ರದು. ಇಂಥವರು ಒಂದು ಕಾಲೇಜು ಜಿಲ್ಲೆಯಲ್ಲಿ (ಒಂದೇ ಆಡಳಿತದ ಕೆಳಗಿನ ಕಾಲೇಜು ವ್ಯವಸ್ಥೆ) ಪೂರ್ಣಾವಧಿ ಕೆಲಸದ ಶೇ. 67ಕ್ಕಿಂತ ಜಾಸ್ತಿ ಪಾಠ ಮಾಡುವಂತಿಲ್ಲ. ಹಾಗಾಗಿ ಸೋಮವಾರ ಇಲ್ಲಿ, ಮಂಗಳವಾರ ಇನ್ನೊಂದು ಊರಲ್ಲಿ. ಇಲ್ಲಿನವರು ಇವರನ್ನು ಫ್ರೀವೇ ಫ್ಲೈಯರ್, ಅಂದರೆ ಹೆದ್ದಾರಿಯಲ್ಲೇ ಹಾರಾಡೋರು, ಅಂತ ಕರೆಯುತ್ತಾರೆ. ನಮ್ಮ ಮೇಷ್ಟ್ರ ಆಫೀಸು ಅಂದರೆ ಕಾರಿನ ಡಿಕ್ಕಿ. ಡೆಬಿಟ್, ಕ್ರೆಡಿಟ್ ಗೊಂದಲ ಬಂದಾಗ ಪಾರ್ಕಿಂಗ್ ಲಾಟಿನ ದೀಪದ ಕೆಳಗೆ ನಿಂತು ಹೇಳಿಕೊಟ್ಟರು. ನನ್ನ ಫೀಸು ಕಡಿಮೆ ಇರೋದಕ್ಕೆ ಅವರ ಜೇಬಿಗೂ ಕತ್ತರಿ ಬೀಳುತ್ತೆ ಅಲ್ವಾ ಅಂತ ಅವತ್ತು ಸಂಕೋಚವಾಯಿತು.

ಮುಂದಿನ ಟರ್ಮಿಗೆ ಅಕೌಂಟಿಂಗ್ ಎರಡನೇ ಭಾಗ. ಬೆಳಗ್ಗೆ ಆಫೀಸು ರೂಮಿರುವ ಕಾಯಂ ಮೇಷ್ಟ್ರು, ಸಂಜೆ ಮತ್ತೆ ಇವರೇ. ನಾನು ಸಂಜೆಯದಕ್ಕೇ ಹೆಸರು ಹಚ್ಚಿದೆ. ಈಗ ಕಾಯುವ ಪಟ್ಟಿಯಲ್ಲಿ ಮೂರನೆಯವಳು.