ಮಾಫುಶಿ: 60 ಡಾಲರ್ ಕೋಣೆಗೆ 89 ಡಾಲರ್, ಆದರೂ ಹೋಗಿಬರಬೇಕಾದ ದ್ವೀಪ

ಮಾಲ್ಡೀವ್ಸ್ ಅಂದರೆ ನೀರಿನ ಮೇಲಿನ ಮರದ ಕುಟೀರ, ಒಂದು ರಾತ್ರಿಗೆ ಒಂದು ತಿಂಗಳ ಸಂಬಳ ಎಂದು ಆಸೆ ಕೈಬಿಟ್ಟವರು ಒಮ್ಮೆ ಮಾಫುಶಿಯ ಲೆಕ್ಕ ಹಾಕಿನೋಡಬೇಕು. ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ ಸುಮಾರು 27 ಕಿ.ಮೀ. ದೂರದ ಪುಟ್ಟ ಊರು ಇದು. ಶಾಲೆ, ಮಸೀದಿ, ಕಿರಾಣಿ ಅಂಗಡಿ ಎಲ್ಲ ಇವೆ. ಅವುಗಳ ನಡುವೆಯೇ ಗೆಸ್ಟ್‌ಹೌಸ್‌ಗಳು. ಕಡಲು, ಹವಳದ ದಿಬ್ಬ, ಮೀನು ನೋಡಲು ಹೋಗುವವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಜಾಗ. ಏಕಾಂತ ಬೇಕು, ಸಂಜೆ ದಡದಲ್ಲಿ ಕೂತು ಬಿಯರ್ ಕುಡಿಯಬೇಕು ಅನ್ನುವವರಿಗೆ ಅಲ್ಲ.

ಮೊದಲು ಬಿಲ್ಲಿನ ವಿಷಯ, ಏಕೆಂದರೆ ಹೆಚ್ಚಿನವರ ಮುಖ ಬಾಡುವುದು ಅಲ್ಲೇ. ಜಾಲತಾಣದಲ್ಲಿ ಇಬ್ಬರಿಗೆ ರಾತ್ರಿಗೆ 60 ಡಾಲರ್ ಎಂದು ಕಂಡ ಕೋಣೆಗೆ 10% ಸೇವಾ ಶುಲ್ಕ ಸೇರಿದರೆ 66. ಅದರ ಮೇಲೆ ಪ್ರವಾಸೋದ್ಯಮ ತೆರಿಗೆ 17% (2025ರ ಜುಲೈನಿಂದ), ಅಲ್ಲಿಗೆ 77.22. ಇದರ ಜೊತೆಗೆ ಹಸಿರು ತೆರಿಗೆ. 50 ಅಥವಾ ಅದಕ್ಕಿಂತ ಕಡಿಮೆ ಕೋಣೆಗಳ ಗೆಸ್ಟ್‌ಹೌಸಿನಲ್ಲಿ ತಲೆಗೆ ದಿನಕ್ಕೆ 6 ಡಾಲರ್, ದೊಡ್ಡ ಹೋಟೆಲಿನಲ್ಲಿ 12. ಇಬ್ಬರಿಗೆ 12 ಸೇರಿಸಿದರೆ 89 ಡಾಲರ್ ದಾಟುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಹಸಿರು ತೆರಿಗೆಯಿಲ್ಲ. ಕಾಯ್ದಿರಿಸುವಾಗ ‘ಎಲ್ಲ ತೆರಿಗೆ ಸೇರಿ ಎಷ್ಟು’ ಎಂದು ಬರಹದಲ್ಲೇ ಕೇಳಿ ಉತ್ತರ ಪಡೆಯಿರಿ. ಕೆಲವು ಜಾಲತಾಣಗಳು ಹಸಿರು ತೆರಿಗೆಯನ್ನು ಸೇರಿಸದೆ ತೋರಿಸುತ್ತವೆ, ಅದನ್ನು ಅಲ್ಲಿ ಹೋದಮೇಲೆ ನಗದಾಗಿ ಕೊಡಬೇಕಾಗುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ಮೊದಲೇ ಮಾಡಿಸಬೇಕಿಲ್ಲ. ವಾಪಸ್ ಟಿಕೆಟ್ ಮತ್ತು ಕೋಣೆ ಕಾಯ್ದಿರಿಸಿದ ದಾಖಲೆ ಕೈಯಲ್ಲಿರಲಿ. ವಿಮಾನ ಇಳಿಯುವ ಮುಂಚಿನ 96 ಗಂಟೆಯೊಳಗೆ ‘ಇಮುಗಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಿಕರ ಘೋಷಣೆ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ದಲ್ಲಾಳಿಯದ್ದೆಂದು ತಿಳಿದು ಮುಚ್ಚಿಬಿಡಿ. ಮರಳುವಾಗಲೂ ಇದೇ ಘೋಷಣೆ ಇನ್ನೊಮ್ಮೆ ತುಂಬಬೇಕು, ಬಹಳ ಜನ ಮರೆಯುವುದು ಇದನ್ನೇ. ಮಾಲ್ಡೀವ್ಸ್‌ನಲ್ಲಿ ಇಳಿದಾಗ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ.

ಚೀಲದಲ್ಲಿ ಮದ್ಯ, ಹಂದಿಮಾಂಸ, ಇ-ಸಿಗರೇಟ್ ಒಯ್ಯುವಂತಿಲ್ಲ. ನಮ್ಮ ಮನೆಗಳವರು ವಿಶೇಷವಾಗಿ ಗಮನಿಸಬೇಕಾದ್ದು ಇನ್ನೊಂದಿದೆ: ಪೂಜೆಯ ವಿಗ್ರಹವೂ ನಿಷೇಧದ ಪಟ್ಟಿಯಲ್ಲಿದೆ. ಪ್ರಯಾಣದಲ್ಲಿ ಜೊತೆಗಿರಲಿ ಎಂದು ಇಟ್ಟುಕೊಳ್ಳುವ ಪುಟ್ಟ ಗಣಪನನ್ನು ಮನೆಯಲ್ಲೇ ಬಿಟ್ಟುಬನ್ನಿ.

ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಎರಡು ದಾರಿ. ಸ್ಪೀಡ್‌ಬೋಟ್‌ನಲ್ಲಿ ಅರ್ಧ ಗಂಟೆಗೆ ತುಸು ಹೆಚ್ಚು, ತಲೆಗೆ ಒಂದು ಕಡೆಗೆ ಸುಮಾರು 25 ಡಾಲರ್. ನಿಲ್ದಾಣದ ಎದುರಿನ ದಕ್ಕೆಯಿಂದಲೇ ಹತ್ತಬಹುದು. ಸರ್ಕಾರಿ ದೋಣಿಗೆ ಕೆಲವೇ ಡಾಲರ್ ಸಾಕು, ಆದರೆ ಅದಕ್ಕೆ ಮಾಲೆ ನಗರ ದಾಟಿ ಇನ್ನೊಂದು ತುದಿಯ ವಿಲ್ಲಿಂಗಿಲಿ ದಕ್ಕೆಗೆ ಹೋಗಬೇಕು, ಪ್ರಯಾಣ ಒಂದೂವರೆ ಗಂಟೆ, ಶುಕ್ರವಾರ ದೋಣಿಯೇ ಇಲ್ಲ. ನಾಲ್ಕು ದಿನದ ರಜೆಯಲ್ಲಿ ಅರ್ಧ ದಿನ ಇದಕ್ಕೇ ಕಳೆಯುವುದು ಜಾಣತನವಲ್ಲ, ಸ್ಪೀಡ್‌ಬೋಟ್ ಹಿಡಿಯಿರಿ. ಬೆನ್ನುನೋವಿರುವವರು ಹಿಂಬದಿಯಲ್ಲಿ ಕೂರಿ, ಅಲೆಗೆ ಮುಂಭಾಗವೇ ಹೆಚ್ಚು ಎತ್ತಿಹಾಕುತ್ತದೆ.

ಮಾಫುಶಿಯಲ್ಲಿ ಈಜುಡುಗೆ ತೊಡಲು ಬೇರೆಯೇ ಕಟ್ಟಿದ ‘ಬಿಕಿನಿ ಬೀಚ್’ ಇದೆ. ಉಳಿದ ದಡದಲ್ಲಿ, ಬೀದಿಯಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಇದು ಊರವರ ಮನೆಯಂಗಳ, ಅವರ ರೀತಿಗೆ ಮರ್ಯಾದೆ ಕೊಡುವುದು ನಮ್ಮ ಹೊಣೆ. ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ, ನೀರಿನ ಬಾಟಲಿ ಮೊದಲೇ ಕೊಂಡಿಡಿ. ಡಾಲರ್ ಎಲ್ಲೆಡೆ ನಡೆಯುತ್ತದೆ. ಹರಿದ, ಹಳೆಯ ನೋಟು ಬೇಡ, ಚಿಲ್ಲರೆ ನೋಟು ಹೆಚ್ಚಿರಲಿ. ಅಲ್ಲಿಯ ನಾಣ್ಯವಾದ ರುಫಿಯಾವನ್ನು ಮತ್ತೆ ಡಾಲರ್ ಮಾಡಿಸುವುದು ಕಷ್ಟ, ಬೇಕಾದಷ್ಟೇ ಬದಲಿಸಿ.

ಸಸ್ಯಾಹಾರಿಗಳು ಎಚ್ಚರ ವಹಿಸಲೇಬೇಕು. ಅಲ್ಲಿಯ ಅಡುಗೆಯ ಜೀವ ಟ್ಯೂನಾ ಮೀನು. ಬೆಳಗಿನ ‘ಮಸ್ ಹುನಿ’ ನೋಡಲು ನಮ್ಮ ಕಾಯಿತುರಿ ಪಲ್ಯದ ಹಾಗೆ ಕಂಡರೂ ಅರ್ಧ ಭಾಗ ಮೀನೇ. ಬರೀ ‘ವೆಜ್’ ಎಂದರೆ ಸಾಲದು, ಮೀನಿನ ಪುಡಿಯನ್ನೂ ಹಾಕಬೇಡಿ ಎಂದು ಬಿಡಿಸಿ ಹೇಳಿ.

ಇನ್ನು ನೀರು. ಇಲ್ಲಿಗೆ ಬರುವುದೇ ಇದಕ್ಕಾಗಿ. ಮಲ್ಪೆಯಲ್ಲಿ ಅಲೆ ದಡಕ್ಕೇ ಬಂದು ಒಡೆಯುತ್ತದೆ, ಇಲ್ಲಿ ದೂರದ ಹವಳದ ಗೋಡೆ ಅದನ್ನು ತಡೆಯುತ್ತದೆ. ಹಾಗಾಗಿ ದಡದ ನೀರು ಕೆರೆಯಂತೆ ಶಾಂತ. ಆ ಶಾಂತಿ ನಂಬಿ ಗೋಡೆಯ ಅಂಚಿಗೆ ಹೋಗಬೇಡಿ. ಹವಳದ ಗೋಡೆಗಳ ನಡುವಿನ ಕಾಲುವೆಗಳಲ್ಲಿ ಸೆಳೆತ ಬಲವಾಗಿರುತ್ತದೆ, ಒಳ್ಳೆಯ ಈಜುಗಾರನನ್ನೂ ಹೊತ್ತೊಯ್ಯುತ್ತದೆ. ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ತೊಟ್ಟು ತೇಲುತ್ತಾ ನೀರಿನೊಳಗೆ ನೋಡುವುದು) ಪ್ರವಾಸ ಗೊತ್ತುಮಾಡುವಾಗ ನೀರಿಗಿಳಿಯುವ ಮಾರ್ಗದರ್ಶಿ ಎಷ್ಟು ಜನ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ. ದೋಣಿಯಲ್ಲೇ ಕೂತು ತೋರಿಸುವವರಿಗೆ ದುಡ್ಡು ಕೊಡಬೇಡಿ.

ಮಾಸ್ಕ್ ಆರಿಸುವ ಬಗೆ ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ನೀರು ಒಸರಲು ಸಾಮಾನ್ಯ ಕಾರಣ ಮೀಸೆ ಅಥವಾ ಅಂಚಿಗೆ ಸಿಕ್ಕ ಕೂದಲು. ಮೀಸೆಗೆ ಕೊಂಚ ವ್ಯಾಸಲೀನ್ ಸವರಿದರೆ ನಿಲ್ಲುತ್ತದೆ, ಆದರೆ ಅದು ಮಾಸ್ಕಿನ ಸಿಲಿಕೋನ್‌ಗೆ ಒಳ್ಳೆಯದಲ್ಲ, ಆಮೇಲೆ ಸೋಪಿನಿಂದ ತೊಳೆಯಿರಿ. ಗಾಜಿಗೆ ಮಂಜು ಕಟ್ಟಿದರೆ ಒಂದು ಹನಿ ಮಕ್ಕಳ ಶಾಂಪೂ ಸವರಿ ಲಘುವಾಗಿ ತೊಳೆಯಿರಿ. ಸೀರೆ, ದುಪಟ್ಟಾ ಒದ್ದೆಯಾದರೆ ಕಾಲಿಗೆ ತೊಡರುತ್ತವೆ, ನೀರಿಗೆ ಮೈಗಂಟುವ ಪೂರ್ಣ ತೋಳಿನ ಈಜುಡುಗೆಯೇ ಸರಿ. ತಲೆ ಕೆಳಗಿಟ್ಟು ತೇಲುವಾಗ ಬಿಸಿಲು ಹೊಡೆಯುವುದು ಮೊಣಕಾಲ ಹಿಂಭಾಗಕ್ಕೆ, ಅಲ್ಲಿ ಸನ್‌ಸ್ಕ್ರೀನ್ ಹಚ್ಚಲು ಮರೆತವರು ರಾತ್ರಿ ಮಲಗಲಾರರು.

ಡಿಸೆಂಬರ್‌ನಿಂದ ಏಪ್ರಿಲ್ ಒಣ ಕಾಲ, ನೀರು ತಿಳಿ. ಮೇ ನಂತರ ಬಾಡಿಗೆ ಇಳಿಯುತ್ತದೆ, ಆದರೆ ಗಾಳಿ ಜೋರಾದ ದಿನ ಪ್ರವಾಸ ರದ್ದಾಗಬಹುದು, ಹಣ ವಾಪಸಿನ ನಿಯಮ ಕೇಳಿಕೊಳ್ಳಿ. ಸ್ಕೂಬಾ (ಗಾಳಿ ತುಂಬಿದ ಸಿಲಿಂಡರ್ ಹೊತ್ತು ಆಳಕ್ಕೆ ಮುಳುಗುವುದು) ಮಾಡುವವರು ಅದನ್ನು ಕೊನೆಯ ದಿನಕ್ಕೆ ಇಡಬೇಡಿ, ಕೊನೆಯ ಮುಳುಗಿಗೂ ವಿಮಾನಕ್ಕೂ ಕನಿಷ್ಠ 18 ಗಂಟೆ ಅಂತರವಿರಲಿ. ದಡದಲ್ಲಿ ಸಿಕ್ಕಿದ ಹವಳದ ಚೂರು ಎಷ್ಟೇ ಚೆಂದವಿದ್ದರೂ ದಡದಲ್ಲೇ ಇರಲಿ.