ಲಿನಕ್ಸ್‌ನಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್: ಡ್ರೈವ್ ಪರವಾಗಿಲ್ಲ, ಕೇಬಲ್ ಕಳಪೆ

ಉಬುಂಟು (ಲಿನಕ್ಸ್‌ನ ಒಂದು ಬಗೆ) ಬಳಸುವವರು ಈ ತೆಳ್ಳನೆ ಡ್ರೈವ್ ತಗೋಬಹುದಾ? ತಗೋಬಹುದು, ಆದರೆ ಜೊತೆಗೆ ಕೊಡುವ ಕೇಬಲ್ ನಂಬಬೇಡಿ. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡೆ. ಕಂಪನಿ ಹೆಸರು ಬೇಡ, ಇದೇ ಡಬ್ಬ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ.

ಡಬ್ಬದ ಮೇಲೆ ವಿಂಡೋಸ್, ಮ್ಯಾಕ್ ಅಂತ ಮಾತ್ರ ಇದೆ. ಅದಕ್ಕೆ ಹೆದರಬೇಕಿಲ್ಲ, ಬೇಕಾದ ಡ್ರೈವರ್ ಲಿನಕ್ಸ್ ಕರ್ನಲ್ (ಅದರ ತಿರುಳು) ಜೊತೆಗೇ ಬರುತ್ತದೆ. ಡಬ್ಬದಲ್ಲಿ ಡ್ರೈವರಿನ ಪುಟ್ಟ ಸಿಡಿಯೂ ಇತ್ತು. ಸಿಡಿ ಡ್ರೈವ್ ಓಡದಿದ್ದರೆ ಆ ಸಿಡಿ ಓದುವುದು ಯಾವುದರಲ್ಲೋ, ಅವರೇ ಹೇಳಬೇಕು.

ಚುಚ್ಚಿದರೆ ಲೈಟ್ ಹತ್ತಿತು, ಬಟನ್ ಒತ್ತಿದರೆ ಟ್ರೇಯೂ ಹೊರಗೆ ಬಂತು, ಆದರೆ ಕಂಪ್ಯೂಟರಿಗೆ ಮಾತ್ರ ಡ್ರೈವ್ ಇದೆ ಅನ್ನೋದೇ ಗೊತ್ತಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಲಿನಕ್ಸ್‌ಗೆ ಬರಲ್ಲ ಸಾರ್" ಅಂದರು. ಸುಮ್ನೆ ಮಾತು.

ಇಂಥ ಹೊತ್ತಲ್ಲಿ ಮೊದಲು ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಎಲ್‌ಎಸ್‌ಯುಎಸ್‌ಬಿ (lsusb) ಕೊಟ್ಟು ನೋಡಿ, ಚುಚ್ಚಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಡ್ರೈವ್ ಇದ್ದರೆ ಅರ್ಧ ತಲೆನೋವು ಹೋಯಿತು. ಆಮೇಲೆ ಎಲ್‌ಎಸ್‌ಬಿಎಲ್‌ಕೆ (lsblk) ಕೊಟ್ಟರೆ ಎಸ್‌ಆರ್0 (sr0) ಅಂತ ಒಂದು ಸಾಲು ಬರಬೇಕು, ಅದು ಡಿವಿಡಿ ಡ್ರೈವಿಗೆ ಲಿನಕ್ಸ್ ಇಡುವ ಹೆಸರು. ಅದು ಬಂದು ಫೈಲ್ ಮ್ಯಾನೇಜರಿನಲ್ಲಿ ಏನೂ ಕಾಣದಿದ್ದರೆ ಸಾಮಾನ್ಯವಾಗಿ ಒಳಗೆ ಡಿಸ್ಕ್ ಇಲ್ಲ, ಇಲ್ಲವೇ ಖಾಲಿ ಡಿಸ್ಕ್ ಇದೆ, ಅಷ್ಟೇ.

ನನಗೆ ಪಟ್ಟಿಯಲ್ಲೇ ಇರಲಿಲ್ಲ. ಕರ್ನಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿಯನ್ನು (sudo dmesg) ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಓಡಿಸಿದಾಗ ಡಿವೈಸ್ ಡಿಸ್ಕ್ರಿಪ್ಟರ್ (ಡ್ರೈವ್ ತನ್ನ ಪರಿಚಯ ಹೇಳುವ ಮಾಹಿತಿ) ಓದಲು ಆಗಲಿಲ್ಲ, ಎರರ್ -71 ಅನ್ನುವ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಅಂದರೆ ಡ್ರೈವಿಗೂ ಕಂಪ್ಯೂಟರಿಗೂ ಮಾತುಕತೆಯೇ ಸರಿಯಾಗಿ ನಡೆಯುತ್ತಿಲ್ಲ, ಹಾಗಾಗಿ ಡ್ರೈವರ್ ಹುಡುಕುವ ಮೊದಲು ಕೇಬಲ್, ಪೋರ್ಟ್, ಕರೆಂಟ್ ಮೂರನ್ನೂ ಅನುಮಾನಿಸಬೇಕು. ಯುಎಸ್‌ಬಿ 2 ಪೋರ್ಟ್ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ. ಪವರ್ ಅಡಾಪ್ಟರ್ ಇಲ್ಲದ ಅಗ್ಗದ ಹಬ್‌ಗೆ ಚುಚ್ಚಿದರಂತೂ ಕಥೆ ಮುಗೀತು. ಹಳೆ ಹಾರ್ಡ್ ಡಿಸ್ಕ್ ಜೊತೆ ಬಂದಿದ್ದ ಎರಡು ತಲೆಯ ಕೇಬಲ್ ತೆಗೆದು ಎರಡೂ ತಲೆಯನ್ನು ನೇರ ಕಂಪ್ಯೂಟರಿಗೇ ಚುಚ್ಚಿದೆ, ತಕ್ಷಣ ಎಸ್‌ಆರ್0 ಬಂತು.

ಆಮೇಲೆ ತಕರಾರಿಲ್ಲ. ಡಿಸ್ಕ್ ಬರೆಯುವ ಕೆ3ಬಿ (K3b) ತಂತ್ರಾಂಶದಲ್ಲಿ ಡಿವಿಡಿ ಬರೆಯಿತು, ಸದ್ದು ಸ್ವಲ್ಪ ಜಾಸ್ತಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ನೋಡಲು ಲಿಬ್‌ಡಿವಿಡಿ-ಪಿಕೆಜಿ (libdvd-pkg) ಅನ್ನುವ ಪ್ಯಾಕೇಜ್ ಹಾಕಿಕೊಳ್ಳಬೇಕು, ಅದು ಡ್ರೈವಿನ ದೋಷ ಅಲ್ಲ. ಮನೆಯ ಹಳೆ ಮದುವೆ ವಿಸಿಡಿಗಳ ಡಿಎಟಿ (.DAT) ವಿಡಿಯೋ ಫೈಲನ್ನು ಮಾಮೂಲಿ ಥರ ಕಾಪಿ ಮಾಡಲು ಹೋದರೆ ಎರರ್ ಬರುತ್ತದೆ. ವಿಸಿಡಿಯಲ್ಲಿ ವಿಡಿಯೋ ಬರೆಯುವ ರೀತಿಯೇ ಬೇರೆ. ವಿಸಿಡಿಇಮೇಜರ್ (vcdimager) ಪ್ಯಾಕೇಜ್ ಜೊತೆ ಬರುವ ವಿಸಿಡಿಎಕ್ಸ್‌ರಿಪ್ (vcdxrip) ಬಳಸಿ, ವಿಡಿಯೋ ಬರುತ್ತದೆ. ಇದಕ್ಕೂ ಡ್ರೈವನ್ನು ಬೈದು ವಾಪಸ್ ಕೊಡುವವರಿದ್ದಾರೆ!

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಕಡಿತ ಮಾಡಿದ ಎರಡು ಸ್ಟಾರೂ ಕೇಬಲ್ಲಿನ ಲೆಕ್ಕಕ್ಕೆ. ಕೇಬಲ್ ಮೈಗೇ ಸೇರಿಕೊಂಡಿರುವ ಮಾಡೆಲ್ ಕೂಡ ಇದೆ, ನೋಡಲು ಚೆನ್ನಾಗಿದೆ. ಅದು ಬೇಡ, ಕೇಬಲ್ ಕೆಟ್ಟರೆ ಬದಲಾಯಿಸುವ ದಾರಿಯೇ ಇರಲ್ಲ.